ಅರ್ಧಕ್ಕೆ ನಿಲ್ಲುವ ಕೆಲಸ: ದೊಡ್ಡವರಲ್ಲಿ ಗಮನದ ಕೊರತೆಯನ್ನು ಗುರುತಿಸುವುದು ಹೇಗೆ?



ಈ ಸಲ ಬೀಜ ಗೊಬ್ಬರದ ವಿಷಯವನ್ನು ಬದಿಗಿಟ್ಟು ಮನುಷ್ಯನ ಗಮನಶಕ್ತಿಯ ವಿಷಯ ಬರೆಯಲು ಹೊರಟಿದ್ದೇನೆ. ಬೇಸಾಯದ ಡಿಪ್ಲೊಮಾ ಓದಿದ ಗ್ರಾಮಸೇವಕನಿಗೆ ಈ ಉಸಾಬರಿ ಏಕೆಂದು ತಾವು ಕೇಳಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ವೃತ್ತದ ಹಳ್ಳಿಯೊಂದರಲ್ಲಿ ನಲವತ್ತರ ಸಮೀಪದ ರೈತರೊಬ್ಬರಿದ್ದಾರೆ. ಮೂರು ಎಕರೆ ಖುಷ್ಕಿ, ಒಂದು ಎಕರೆ ಕೊಳವೆ ಬಾವಿಯ ತೋಟ. ಕೈಗೆಲಸದಲ್ಲಿ ಊರಿನಲ್ಲಿ ಅವರನ್ನು ಮೀರಿಸುವವರಿಲ್ಲ. ಕೆಟ್ಟ ಪಂಪನ್ನು ಬಿಚ್ಚಿಕೊಂಡು ಕುಳಿತರೆ ಊಟ ನಿದ್ದೆಗಳ ನೆನಪಿಲ್ಲದೆ ಸರಿಮಾಡಿಯೇ ಏಳುವವರು. ಆದರೆ ಅದೇ ಪಂಪನ್ನು ಚಾಲೂ ಮಾಡಿ, ನಿಲ್ಲಿಸುವುದನ್ನು ಮರೆತು, ಬಾವಿ ಬತ್ತಿ ಮೋಟಾರು ಸುಟ್ಟದ್ದು ಎರಡು ಸಲ. ಬೆಳೆ ವಿಮೆಯ ಅರ್ಜಿಯನ್ನು ಬರೆದು, ಜೇಬಿನಲ್ಲಿಟ್ಟುಕೊಂಡು, ಕಡೆಯ ದಿನವನ್ನು ಹಾಗೆಯೇ ದಾಟಿಸಿದರು. ಆ ವರ್ಷವೇ ಮಳೆ ಕೈಕೊಟ್ಟಿತು. ಸಂಘದ ಸಾಲ ತೀರಿಸಲು ಹಣ ಮನೆಯ ಪೆಟ್ಟಿಗೆಯಲ್ಲಿ ಸಿದ್ಧವಾಗಿದ್ದರೂ ವಾಯಿದೆ ತಪ್ಪಿತು. ವಾಯಿದೆಯೊಳಗೆ ಕಟ್ಟಿದವರಿಗೆ ಸಿಕ್ಕುವ ಬಡ್ಡಿ ರಿಯಾಯಿತಿ ಹೋಯಿತು. ನಾನು ನನ್ನ ದಿನಚರಿಯಲ್ಲಿ ಅವರ ಹೆಸರಿನ ಮುಂದೆ "ಉದಾಸೀನ, ಪ್ರಾತ್ಯಕ್ಷಿಕೆಗೆ ಯೋಗ್ಯರಲ್ಲ" ಎಂದು ಬರೆದೆ. ಅವರಿಗೆ ಸಲ್ಲಬೇಕಾಗಿದ್ದ ಪ್ರಾತ್ಯಕ್ಷಿಕೆಯ ತಾಕು ಪಕ್ಕದ ಹೊಲಕ್ಕೆ ಹೋಯಿತು.

ಮುಂದೆ ಅವರ ಮಗ ತರಗತಿಯಲ್ಲಿ ಕುಳಿತಲ್ಲಿ ಕುಳಿತಿರುವುದಿಲ್ಲವೆಂದು ಉಪಾಧ್ಯಾಯರು ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಡಾಕ್ಟರು ಹುಡುಗನ ಸಂಗತಿಯನ್ನೆಲ್ಲ ಕೇಳಿ, ತಂದೆಯ ಕಡೆ ತಿರುಗಿ, "ಈ ವಯಸ್ಸಿನಲ್ಲಿ ನೀವು ಹೇಗಿದ್ದಿರಿ?" ಎಂದರಂತೆ. ಉತ್ತರ ಕೊಟ್ಟವರು ಜೊತೆಯಲ್ಲಿದ್ದ ಅಜ್ಜಿ. "ಇವನಿಗಿಂತ ಅವನೇ ಹೆಚ್ಚು, ಸ್ವಾಮಿ. ವಾರಕ್ಕೊಂದು ಬಳಪ, ತಿಂಗಳಿಗೊಂದು ಚೀಲ ಕಳೆದುಕೊಂಡು ಬರುತ್ತಿದ್ದ" ಎಂದರು. ಎರಡು ಮೂರು ಭೇಟಿಗಳಾದ ಮೇಲೆ ಮಗನಿಗೂ ತಂದೆಗೂ ಒಂದೇ ತೊಂದರೆಯೆಂದು ಗೊತ್ತಾಯಿತು. ನಾನು ಬರೆದಿದ್ದ "ಉದಾಸೀನ" ಎಂಬ ಮಾತನ್ನು ಹೊಡೆದು ಹಾಕಿದೆ. ಆ ಹೊತ್ತಿಗೆ ಎರಡು ಬೆಳೆ ಕಳೆದಿದ್ದವು.

ಈ ತೊಂದರೆಗೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ ಎಂದು ಹೆಸರು. ಡಾಕ್ಟರುಗಳು ಚಿಕ್ಕದಾಗಿ ಎ.ಡಿ.ಎಚ್.ಡಿ. ಎನ್ನುತ್ತಾರೆ. ಇದು ಹುಚ್ಚಲ್ಲ, ಬುದ್ಧಿಮಾಂದ್ಯವೂ ಅಲ್ಲ. ಮಿದುಳು ಬೆಳೆಯುವ ಕಾಲದಿಂದಲೇ, ಗಮನವನ್ನು ಬೇಕಾದ ಕಡೆ ಹಿಡಿದು ನಿಲ್ಲಿಸುವ, ಆತುರವನ್ನು ತಡೆಯುವ, ಕೆಲಸವನ್ನು ಹೊತ್ತಿಗೆ ಸರಿಯಾಗಿ ಜೋಡಿಸಿಕೊಳ್ಳುವ ಶಕ್ತಿಯಲ್ಲಿ ಕೊರತೆ ಇರುವುದೇ ಇದರ ಮೂಲ. ವಂಶದಲ್ಲಿ ಇಳಿದು ಬರುವ ಪಾಲು ಇದರಲ್ಲಿ ದೊಡ್ಡದು. ಆದ್ದರಿಂದಲೇ ಮಗುವಿನಲ್ಲಿ ಕಂಡಾಗ ತಂದೆಯಲ್ಲೋ ತಾಯಿಯಲ್ಲೋ ಕಂಡುಬರುವುದು ಅಪರೂಪವಲ್ಲ. ದೊಡ್ಡವರಲ್ಲಿ ಸುಮಾರು ನೂರಕ್ಕೆ ಎರಡು ಮೂರು ಮಂದಿಗೆ ಇದು ಇರುತ್ತದೆಂದು ಲೆಕ್ಕ ಹಾಕಿದ್ದಾರೆ. ಸಾವಿರ ಜನ ವಯಸ್ಕರಿರುವ ಊರೆಂದರೆ ಇಪ್ಪತ್ತು ಮೂವತ್ತು ಜನ. ಅವರಿಗೆ ಊರಿನವರು ಇಟ್ಟ ಹೆಸರುಗಳು ಬೇರೆ: ಸೋಮಾರಿ, ಹೊಣೆಗೇಡಿ, ಆರಂಭಶೂರ.

ಮಕ್ಕಳಲ್ಲಿ ಇಂತಹದೊಂದು ಸ್ಥಿತಿ ಇದೆಯೆಂದು 1902ರಲ್ಲಿ ಲಂಡನ್ನಿನ ಜಾರ್ಜ್ ಸ್ಟಿಲ್ ಎಂಬ ವೈದ್ಯರು ಉಪನ್ಯಾಸಗಳಲ್ಲಿ ವಿವರಿಸಿದ್ದರು. ಮೀಸೆ ಬಂದ ಮೇಲೆ ತಾನಾಗಿಯೇ ಬಿಟ್ಟುಹೋಗುತ್ತದೆಂದು ಬಹುಕಾಲ ನಂಬಿದ್ದರು. 1970ರ ದಶಕದಲ್ಲಿ ಅಮೆರಿಕದ ಯೂಟಾ ಪ್ರಾಂತದಲ್ಲಿ ಪಾಲ್ ವೆಂಡರ್ ಮತ್ತು ಸಂಗಡಿಗರು ದೊಡ್ಡವರನ್ನೇ ಪರೀಕ್ಷಿಸಿ ನೋಡಿ, ಅನೇಕರಲ್ಲಿ ಇದು ಉಳಿದುಕೊಳ್ಳುತ್ತದೆಂದು ತೋರಿಸಿದರು. ಓಡಾಟ, ಮರ ಹತ್ತುವುದು, ಕುಣಿತಗಳು ವಯಸ್ಸಿನೊಂದಿಗೆ ಇಳಿಯುತ್ತವೆ. ಮರೆವು, ಕೆಲಸ ಮುಂದೂಡುವಿಕೆ, ಒಳಗಿನ ಚಡಪಡಿಕೆ ಉಳಿಯುತ್ತವೆ. ಮೇಲೆ ಕಾಣುವ ಭಾಗ ಹೋಗಿ ಒಳಗಿನದು ಉಳಿದದ್ದರಿಂದಲೇ ದೊಡ್ಡವರಲ್ಲಿ ಗುರುತು ಹಿಡಿಯುವುದು ಕಷ್ಟವಾಯಿತು.

ಹೊಲಮನೆಗಳಲ್ಲಿ ಇದು ಹೇಗೆ ಕಾಣುತ್ತದೆಂಬುದನ್ನು ನೋಡೋಣ. ಬದುವಿನ ಕಳೆ ತೆಗೆಯಲು ಹೋದವನು ಕುಡುಗೋಲು ಮೊಂಡಾಗಿದೆಯೆಂದು ಮನೆಗೆ ಬರುತ್ತಾನೆ. ಅಲ್ಲಿ ಹಗ್ಗ ಹರಿದಿರುವುದನ್ನು ಕಂಡು ಹೊಸೆಯಲು ಕೂಡುತ್ತಾನೆ. ಅಷ್ಟರಲ್ಲಿ ಯಾರೋ ಕರೆದರೆಂದು ಎದ್ದು ಹೋಗುತ್ತಾನೆ. ಸಂಜೆಗೆ ಬದುವೂ ಆಗಿಲ್ಲ, ಕುಡುಗೋಲೂ ಮಸೆದಿಲ್ಲ, ಹಗ್ಗವೂ ಅರ್ಧ. ಆದರೆ ಅವನು ದಿನವಿಡೀ ದುಡಿದು ದಣಿದಿರುತ್ತಾನೆ. ಸೋಮಾರಿಗೂ ಇವನಿಗೂ ವ್ಯತ್ಯಾಸ ಇಲ್ಲಿಯೇ ಇದೆ. ಸೋಮಾರಿಗೆ ಮಾಡುವ ಮನಸ್ಸಿಲ್ಲ. ಇವನಿಗೆ ಮನಸ್ಸಿದೆ, ಹಿಡಿತವಿಲ್ಲ. ರಾತ್ರಿ ಮಲಗಿ "ನಾಳೆಯಿಂದ ಹೀಗೆ ಮಾಡುವುದಿಲ್ಲ" ಎಂದು ಪ್ರಮಾಣ ಮಾಡಿಕೊಳ್ಳುವವನೂ ಅವನೇ.

ಪಹಣಿ, ಪಾಸ್ ಪುಸ್ತಕ, ಆಧಾರ್ ಕಾರ್ಡು ಇಟ್ಟ ಜಾಗ ಸಿಕ್ಕದೆ ಹುಡುಕುವುದು ನಿತ್ಯದ ಕೆಲಸ. ಸಭೆಯಲ್ಲಿ ಹೇಳಿದ ಮಾತಿನ ಮೊದಲ ಅರ್ಧ ಕಿವಿಗೆ ಬೀಳುತ್ತದೆ, ಉಳಿದರ್ಧ ಬೀಳುವುದಿಲ್ಲ. ಸರದಿಯಲ್ಲಿ ನಿಂತರೆ ಸಹನೆ ತಪ್ಪುತ್ತದೆ. ಎದುರಿನವರು ಮಾತು ಮುಗಿಸುವ ಮೊದಲೇ ಉತ್ತರ ಬಾಯಿಗೆ ಬಂದು ಜಗಳವಾಗುತ್ತದೆ. ಸಂತೆಯಲ್ಲಿ ಯಾರೋ ಹೊಗಳಿದರೆಂದು ಒಂದೇ ಗಳಿಗೆಯಲ್ಲಿ ಹೋರಿ ಕೊಂಡು, ಮನೆಗೆ ಬಂದ ಮೇಲೆ ತಲೆ ಚಚ್ಚಿಕೊಳ್ಳುವುದೂ ಇದೆ. ಇವರಲ್ಲಿ ವಾಹನದ ಅಪಘಾತಗಳು ಹೆಚ್ಚು. ಬೀಡಿ, ಹೆಂಡಗಳ ಚಟಕ್ಕೆ ಬೀಳುವವರೂ ಹೆಚ್ಚು. ಇದನ್ನು ಹೆದರಿಸಲು ಬರೆದಿಲ್ಲ. ಒಕ್ಕಣೆ ಯಂತ್ರಕ್ಕೆ ತೆನೆ ಕೊಡುವವನ ಗಮನ ಒಂದು ಗಳಿಗೆ ತಪ್ಪಿದರೆ ಏನಾಗುವುದೆಂದು ತಮಗೆ ನಾನು ಹೇಳಬೇಕಾಗಿಲ್ಲ.

"ಪಂಪು ರಿಪೇರಿಗೆ ನಾಲ್ಕು ಗಂಟೆ ಕೂರುವವನಿಗೆ ಗಮನ ಇಲ್ಲವೆಂದರೆ ಹೇಗೆ ನಂಬುವುದು?" ಎಂದು ಅನೇಕರು ಕೇಳುತ್ತಾರೆ. ನಾನೂ ಕೇಳಿದ್ದೆ. ಗಮನವೇ ಇಲ್ಲವೆಂದಲ್ಲ. ಕೆರೆಯಲ್ಲಿ ನೀರಿದೆ, ತೂಬು ಮಾತ್ರ ನಮ್ಮ ಮಾತು ಕೇಳುವುದಿಲ್ಲ. ಆಸಕ್ತಿಯ ಕೆಲಸಕ್ಕೆ ನೀರು ಭೋರ್ಗರೆಯುತ್ತದೆ. ಬೇಸರದ ಕೆಲಸಕ್ಕೆ, ಎಷ್ಟೇ ಅವಶ್ಯವಾಗಿದ್ದರೂ, ತೊಟ್ಟಿಕ್ಕುವುದಿಲ್ಲ.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿ ಹೇಳಬೇಕು. ಅವರಲ್ಲಿ ಓಡಾಟ, ಗಲಾಟೆಗಳಿಗಿಂತ ಒಳಗೊಳಗೇ ಮನಸ್ಸು ಜಾರುವುದು ಹೆಚ್ಚಾಗಿರುವುದರಿಂದ ಚಿಕ್ಕಂದಿನಲ್ಲಿ ಯಾರೂ ಗಮನಿಸುವುದಿಲ್ಲ. ಮದುವೆಯಾಗಿ ಸಂಸಾರದ ಹತ್ತು ಕೆಲಸ ಏಕಕಾಲದಲ್ಲಿ ಹೆಗಲಿಗೆ ಬಿದ್ದಾಗ ಹಾಲು ಉಕ್ಕುತ್ತದೆ, ಸಾರು ಸೀಯುತ್ತದೆ, ಸ್ವಸಹಾಯ ಸಂಘದ ಕಂತಿನ ದಿನ ಮರೆಯುತ್ತದೆ. "ತೌರಿನಲ್ಲಿ ಏನು ಕಲಿಸಿದರು?" ಎಂಬ ಮಾತು ಕೇಳಬೇಕಾಗುತ್ತದೆ. ಎಲ್ಲರಂತೆ ಕಾಣಿಸಿಕೊಳ್ಳಲು ಇವರು ಎರಡರಷ್ಟು ಶ್ರಮಪಟ್ಟು ಕುಗ್ಗಿಹೋಗಿರುತ್ತಾರೆ. ಡಾಕ್ಟರ ಬಳಿ ಹೋದರೂ ಬರಿಯ ಬೇಸರ, ನಿದ್ರಾಹೀನತೆಯ ಹೆಸರಿನಲ್ಲಿ ಹೋಗಿರುತ್ತಾರೆ. ಈ ಲೇಖನವನ್ನು ಮನೆಯಲ್ಲಿ ಹೆಂಗಸರಿಗೂ ಓದಿ ಹೇಳಬೇಕೆಂದು ವಿನಂತಿ.

ಇಷ್ಟು ಓದಿ "ಹಾಗಾದರೆ ನನಗೂ ಇದೆ" ಎಂದು ಅರ್ಧ ಊರು ಹೇಳುವ ಸಂಭವವಿದೆ. ಮರೆಯದವರು ಯಾರಿದ್ದಾರೆ? ಇಲ್ಲಿ ನಮ್ಮ ಬೆಳೆಯ ಪಾಠವೇ ಉಪಯೋಗಕ್ಕೆ ಬರುತ್ತದೆ. ಎಲೆ ಹಳದಿಯಾಯಿತೆಂದ ಕೂಡಲೆ ಯೂರಿಯಾ ಚೆಲ್ಲಬಾರದೆಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಸಾರಜನಕ ಕಡಮೆಯಾದರೆ ಮೊದಲು ಕೆಳಗಿನ ಹಳೆಯ ಎಲೆ ಹಳದಿಯಾಗುತ್ತದೆ. ಕಬ್ಬಿಣ ಕಡಮೆಯಾದರೆ ಮೇಲಿನ ಎಳೆಯ ಎಲೆ. ಬೇರಿನಲ್ಲಿ ನೀರು ನಿಂತರೂ ಹಳದಿಯೇ. ಬಣ್ಣ ಒಂದೇ, ಕಾರಣ ಬೇರೆ. ಎಲ್ಲಿಂದ ಆರಂಭವಾಯಿತೆಂಬುದೇ ಗುರುತು.

ಮರೆವು, ಚಂಚಲತೆಗಳಿಗೂ ಹಾಗೆಯೇ. ಯಾವಾಗಿನಿಂದ ಎಂದು ಕೇಳಬೇಕು. ಎ.ಡಿ.ಎಚ್.ಡಿ. ಆಗಿದ್ದರೆ ಅದರ ಲಕ್ಷಣಗಳು ಹನ್ನೆರಡು ವರ್ಷ ತುಂಬುವ ಮೊದಲೇ ಕಂಡಿರಬೇಕು. ಮನೆಯಲ್ಲಿ ಮಾತ್ರ, ಹೊಲದಲ್ಲಿ ಮಾತ್ರ ಎಂದಲ್ಲದೆ ಎರಡು ಕಡೆಯಾದರೂ ಇರಬೇಕು. ಬದುಕಿಗೆ ನಿಜವಾದ ಹಾನಿ ಮಾಡುತ್ತಿರಬೇಕು. ಮೂವತ್ತೈದರವರೆಗೆ ನೆಟ್ಟಗಿದ್ದು ಹೋದ ವರ್ಷದಿಂದ ಮರೆವು ಬಂದಿದ್ದರೆ ಅದು ಬೇರೆ ಯಾವುದೋ. ಥೈರಾಯ್ಡ್ ಗ್ರಂಥಿಯ ದೋಷ, ರಕ್ತಹೀನತೆ, ಖಿನ್ನತೆ, ಸಾಲದ ಚಿಂತೆ, ಗೊರಕೆಯ ನಡುವೆ ಉಸಿರು ನಿಂತು ನಿದ್ದೆಗೆಡುವ ರೋಗ, ಹೆಂಡದ ಅಭ್ಯಾಸ, ಇವೆಲ್ಲವೂ ಗಮನವನ್ನು ಕೆಡಿಸುತ್ತವೆ. ರಾತ್ರಿ ಮೂರು ಫೇಸ್ ವಿದ್ಯುತ್ತಿಗೆ ಕಾದು ನೀರು ಕಟ್ಟುವವರಿಗೆ ಹಗಲು ತಲೆ ಓಡದಿರುವುದಕ್ಕೆ ರೋಗದ ಹೆಸರೇ ಬೇಕಾಗಿಲ್ಲ. ಕೀಟನಾಶಕದ ವಿಷ ತಗಲಿ ಆಸ್ಪತ್ರೆ ಸೇರಿ ಬಂದವರಲ್ಲಿಯೂ ಕೆಲವರಿಗೆ ನೆನಪು, ಗಮನಗಳು ಮಂಕಾಗಿ ಉಳಿಯುವುದುಂಟು. ಅಂಥವರು ಡಾಕ್ಟರಿಗೆ ಆ ಸಂಗತಿಯನ್ನು ತಪ್ಪದೆ ತಿಳಿಸತಕ್ಕದ್ದು.

ಹಾಗಾದರೆ ಯಾರು ಡಾಕ್ಟರ ಬಳಿ ಹೋಗಬೇಕು? ಇದಕ್ಕೊಂದು ಜರಡಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ತಜ್ಞರು ಹದಿನೆಂಟು ಪ್ರಶ್ನೆಗಳ ಪಟ್ಟಿಯೊಂದನ್ನು ತಯಾರಿಸಿ 2005ರಲ್ಲಿ ಪ್ರಕಟಿಸಿದರು. ಅದರ ಮೊದಲ ಆರು ಪ್ರಶ್ನೆಗಳು ಸೋಸುವುದಕ್ಕೆ ಮುಖ್ಯವಾದವು. ಅವುಗಳ ಆಶಯವನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ. ಕಳೆದ ಆರು ತಿಂಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಬೇಕು. ಉತ್ತರ ಐದು ಬಗೆ: ಎಂದೂ ಇಲ್ಲ, ಅಪರೂಪ, ಕೆಲವೊಮ್ಮೆ, ಅನೇಕ ಸಲ, ಬಹಳ ಸಲ.

ಒಂದನೆಯದು, ಕೆಲಸದ ಕಷ್ಟದ ಭಾಗ ಮುಗಿದ ಮೇಲೆ ಕೊನೆಯ ಚಿಲ್ಲರೆ ಕೆಲಸಗಳನ್ನು ಮುಗಿಸಲು ತೊಡಕಾಗುತ್ತದೆಯೆ? ರಾಗಿ ಕೊಯ್ದು ಒಕ್ಕಿ, ಚೀಲ ಹೊಲಿಯುವುದನ್ನು ಬಿಟ್ಟ ಹಾಗೆ. ಎರಡನೆಯದು, ಮುಂದೆ ಹಿಂದೆ ನೋಡಿ ವ್ಯವಸ್ಥೆಯಾಗಿ ಮಾಡಬೇಕಾದ ಕೆಲಸವನ್ನು ಜೋಡಿಸಿಕೊಳ್ಳಲು ಕಷ್ಟವಾಗುತ್ತದೆಯೆ? ಮೂರನೆಯದು, ಒಪ್ಪಿಕೊಂಡ ಮಾತು, ಹೋಗಬೇಕಾದ ದಿನ, ಕಟ್ಟಬೇಕಾದ ಕಂತು ಮರೆತುಹೋಗುತ್ತವೆಯೆ? ನಾಲ್ಕನೆಯದು, ಹೆಚ್ಚು ತಲೆ ಓಡಿಸಬೇಕಾದ ಕೆಲಸವನ್ನು ತಪ್ಪಿಸಿಕೊಳ್ಳುವುದು, ನಾಳೆಗೆ ತಳ್ಳುವುದು ಉಂಟೆ? ಐದನೆಯದು, ಹೆಚ್ಚು ಹೊತ್ತು ಕೂರಬೇಕಾದಾಗ ಕೈಕಾಲು ಆಡಿಸುತ್ತ ಮಿಸುಕಾಡುತ್ತೀರಾ? ಆರನೆಯದು, ಕಾಲಿಗೆ ಚಕ್ರ ಕಟ್ಟಿದಂತೆ, ಒಳಗೊಂದು ಎಂಜಿನ್ನು ತಳ್ಳುತ್ತಿರುವಂತೆ ಸುಮ್ಮನಿರಲಾರದೆ ಏನಾದರೂ ಮಾಡುತ್ತಲೇ ಇರುತ್ತೀರಾ?

ಎಣಿಸುವ ಕ್ರಮವನ್ನು ಗಮನವಿಟ್ಟು ಓದಿರಿ. ಮೊದಲ ಮೂರು ಪ್ರಶ್ನೆಗಳಿಗೆ "ಕೆಲವೊಮ್ಮೆ" ಅಥವಾ ಅದಕ್ಕಿಂತ ಹೆಚ್ಚು ಎಂದಿದ್ದರೆ ಒಂದೊಂದು ಗುರುತು. ಕಡೆಯ ಮೂರಕ್ಕೆ "ಕೆಲವೊಮ್ಮೆ" ಸಾಲದು. "ಅನೇಕ ಸಲ" ಅಥವಾ "ಬಹಳ ಸಲ" ಎಂದಿದ್ದರೆ ಮಾತ್ರ ಗುರುತು. ಆರರಲ್ಲಿ ನಾಲ್ಕು ಅಥವಾ ಹೆಚ್ಚು ಗುರುತು ಬಿದ್ದರೆ ಡಾಕ್ಟರನ್ನು ಕಾಣತಕ್ಕದ್ದು.

ಜರಡಿಯೆಂದರೆ ಜರಡಿಯೇ. ಅದರಲ್ಲಿ ಉಳಿದದ್ದೆಲ್ಲ ಕಾಳಲ್ಲ, ಮಣ್ಣಿನ ಹೆಂಟೆಯೂ ಇರುತ್ತದೆ. ಗುರುತು ಬಿದ್ದವರಲ್ಲಿ ಅನೇಕರಿಗೆ ಈ ತೊಂದರೆ ಇರುವುದಿಲ್ಲ, ಬೇರೆ ಕಾರಣವಿರುತ್ತದೆ. ಕೆಲವು ಸಲ ಕಾಳೂ ಕೆಳಗೆ ಜಾರುತ್ತದೆ. ಗುರುತು ಮೂರೇ ಬಿದ್ದು ಬದುಕು ಕೆಡುತ್ತಿದ್ದರೆ ಆಗಲೂ ಹೋಗಬೇಕು. ಇದನ್ನು ತನಗೆ ತಾನೇ ಕೇಳಿಕೊಳ್ಳಬೇಕು. ಓದಲು ಬಾರದವರಿಗೆ ಬೇರೆಯವರು ಓದಿ ಹೇಳಬಹುದು, ಉತ್ತರ ಅವರದೇ ಆಗಿರಬೇಕು. ಅರಳಿಕಟ್ಟೆಯ ಮೇಲೆ ಕುಳಿತು ಇನ್ನೊಬ್ಬರಿಗೆ ಗುರುತು ಹಾಕಕೂಡದು. "ಹೊಣೆಗೇಡಿ" ಎಂಬ ಹೆಸರು ತೆಗೆದು ಇನ್ನೊಂದು ಹೆಸರು ಅಂಟಿಸಿದರೆ ಬಂದ ಭಾಗ್ಯವೇನು?

ಡಾಕ್ಟರ ಬಳಿ ಏನಾಗುತ್ತದೆ? ಮಣ್ಣು ಪರೀಕ್ಷೆಯಂತೆ ಇದಕ್ಕೊಂದು ರಕ್ತಪರೀಕ್ಷೆಯಾಗಲಿ, ತಲೆಯ ಚಿತ್ರವಾಗಲಿ ಇಲ್ಲ. ರಕ್ತ ತೆಗೆದರೆ ಅದು ಥೈರಾಯ್ಡ್, ರಕ್ತಹೀನತೆಗಳಿಲ್ಲವೆಂದು ನೋಡುವುದಕ್ಕೆ. ಉಳಿದದ್ದೆಲ್ಲ ವಿಚಾರಣೆ. ವೈದ್ಯರು ಅನುಸರಿಸುವ ಅಮೆರಿಕದ ಮನೋರೋಗ ಕೈಪಿಡಿಯ 2013ರ ಐದನೆಯ ಆವೃತ್ತಿಯಲ್ಲಿ ಗಮನದ ಕೊರತೆಗೆ ಒಂಬತ್ತು, ಅತಿ ಚಟುವಟಿಕೆ ಮತ್ತು ಆತುರಕ್ಕೆ ಒಂಬತ್ತು ಲಕ್ಷಣಗಳಿವೆ. ಹದಿನೇಳು ವರ್ಷ ದಾಟಿದವರಿಗೆ ಯಾವುದಾದರೊಂದು ಗುಂಪಿನಲ್ಲಿ ಐದಾದರೂ ಆರು ತಿಂಗಳಿಂದ ಇರಬೇಕು. ಹೋಗುವಾಗ ಹಳೆಯ ಶಾಲಾ ಅಂಕಪಟ್ಟಿ ಇದ್ದರೆ ತೆಗೆದುಕೊಂಡು ಹೋಗಿರಿ. ಅದಕ್ಕಿಂತ ಮೇಲು, ಚಿಕ್ಕಂದಿನಿಂದ ಬಲ್ಲ ತಾಯಿ, ಅಕ್ಕ ಅಥವಾ ಅಣ್ಣ ಜೊತೆಗಿರುವುದು. ಮರೆಯುವವನಿಗೆ ತಾನು ಮರೆತದ್ದು ನೆನಪಿರುವುದಿಲ್ಲವಷ್ಟೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ಯಾವುದೆಂದು ಆಶಾ ಕಾರ್ಯಕರ್ತೆಯರನ್ನು ವಿಚಾರಿಸಿದರೆ ತಿಳಿಯುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂಬುದು ದೇಶದಲ್ಲಿ 1996ರಲ್ಲಿ ಆರಂಭವಾಯಿತು. ಅದಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ನಡೆಸಿದ ಪ್ರಯೋಗವೆಂಬುದನ್ನು ತಾವು ತಿಳಿದಿರಬೇಕು. ಊರು ಬಿಟ್ಟು ಹೋಗಲು ಆಗದವರು ಟೆಲಿ ಮಾನಸ್ ಎಂಬ ದೂರವಾಣಿ ಸೇವೆಗೆ 14416 ಸಂಖ್ಯೆಗೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಹಗಲು ರಾತ್ರಿ ದೊರೆಯುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಬದುಕೇ ಬೇಡವೆನಿಸಿದವರು ಆರು ಪ್ರಶ್ನೆಗಳಿಗೆ ಕಾಯದೆ ಈಗಲೇ ಕರೆ ಮಾಡಬೇಕು. ಹೆಣ್ಣು ಕೇಳುವಾಗ ಅಡ್ಡಿಯಾದೀತೆಂಬ ಹೆದರಿಕೆ ಹಲವರಿಗಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯಂತೆ ರೋಗಿಯ ವಿಷಯವನ್ನು ಗುಟ್ಟಾಗಿಡುವುದು ಡಾಕ್ಟರ ಕರ್ತವ್ಯ.

ತೊಂದರೆ ಇದೆಯೆಂದು ಗೊತ್ತಾದರೆ ಔಷಧವುಂಟು. ಮಿಥೈಲ್‌ಫೆನಿಡೇಟ್ ಎಂಬುದು 1944ರಲ್ಲಿಯೇ ತಯಾರಾದ, ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಔಷಧ. ಅಟೊಮಾಕ್ಸೆಟಿನ್ ಎಂಬುದು ಇನ್ನೊಂದು. ಇದರ ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ. ಕೊಡುವ ಮೊದಲು ರಕ್ತದ ಒತ್ತಡ, ನಾಡಿ ನೋಡುತ್ತಾರೆ; ಹೃದಯದ ಕಾಯಿಲೆಯಿದ್ದರೆ ಮುಚ್ಚಿಡಬಾರದು. ಮಿಥೈಲ್‌ಫೆನಿಡೇಟ್ ಕಾನೂನಿನ ಕಟ್ಟಿಗೆ ಒಳಪಟ್ಟದ್ದು. ಚೀಟಿಯಿಲ್ಲದೆ ಕೊಳ್ಳುವುದಾಗಲಿ, ಪಕ್ಕದ ಮನೆಯವರಿಗೆ ಎರಡು ಮಾತ್ರೆ ಎರವಲು ಕೊಡುವುದಾಗಲಿ ಕೂಡದು. ಎಲ್ಲರಿಗೂ ಒಂದೇ ಸಮನಾಗಿ ಒಗ್ಗುವುದಿಲ್ಲ. ಔಷಧದ ಜೊತೆಗೆ ದಿನಚರಿಯನ್ನು ಕಟ್ಟಿಕೊಳ್ಳುವ ತರಬೇತಿಯೂ ಉಂಟು.

ಔಷಧ ಬರುವವರೆಗೂ, ಬಂದ ಮೇಲೂ, ಮನೆಯ ಉಪಾಯಗಳನ್ನು ಬಿಡಬಾರದು. ನನ್ನ ಪರಿಚಯದ ರೈತರು ಮಾಡಿಕೊಂಡಿರುವುದನ್ನು ಹೇಳುತ್ತೇನೆ. ಬಾವಿಯಲ್ಲಿ ನೀರು ತಗ್ಗಿದರೆ ಮೋಟಾರು ತಾನೇ ನಿಲ್ಲುವ ಸಾಧನವನ್ನು ಹಾಕಿಸಿದ್ದಾರೆ. ಮೂರನೆಯ ಸಲ ಮೋಟಾರು ಸುಡಲಿಲ್ಲ. ಬಾಗಿಲ ಚೌಕಟ್ಟಿಗೆ ಒಂದು ಮೊಳೆ. ಪಹಣಿ, ಪಾಸ್ ಪುಸ್ತಕ, ಬೀಗದ ಕೈ ಎಲ್ಲಕ್ಕೂ ಅದಕ್ಕೆ ತೂಗುಹಾಕಿದ ಒಂದೇ ಚೀಲ. ಕಂತಿನ ದಿನಕ್ಕೆ ಎಂಟು ದಿನ ಮೊದಲೇ ಮೊಬೈಲಿನಲ್ಲಿ ಗಂಟೆ ಬಾರಿಸುತ್ತದೆ, ಬಾರಿಸಿದ ದಿನವೇ ಹಣ ಕಟ್ಟಿ ಬರುತ್ತಾರೆ. ಹೊಲದ ಕೆಲಸವನ್ನು ಇಡಿಯಾಗಿ ನೋಡದೆ ಸಾಲು ಎಣಿಸಿ ಮಾಡುತ್ತಾರೆ. ಹತ್ತು ಸಾಲು ಮುಗಿಯುವವರೆಗೆ ಬದು ದಾಟುವುದಿಲ್ಲ. ಔಷಧ ಸಿಂಪಡಿಸುವಾಗ, ಒಕ್ಕಣೆ ಮಾಡುವಾಗ ಹೆಂಡತಿ ಅಥವಾ ತಮ್ಮ ಹತ್ತಿರ ನಿಂತಿರಬೇಕೆಂದು ಕಟ್ಟು ಮಾಡಿಕೊಂಡಿದ್ದಾರೆ. ಇನ್ನೊಬ್ಬರು ಸುಮ್ಮನೆ ಹತ್ತಿರ ಕುಳಿತಿದ್ದರೂ ಇವರ ಕೆಲಸ ಮುಗಿಯುತ್ತದೆಂಬುದು ವಿಚಿತ್ರವಾದರೂ ನಾನು ಕಣ್ಣಾರೆ ಕಂಡದ್ದು. ಅರ್ಜಿ ತುಂಬುವ ದಿನ ಪಕ್ಕದಲ್ಲಿ ಕೂರುವವನು ನಾನು.

ಈ ಮುಂಗಾರಿನಲ್ಲಿ ನೆಲಗಡಲೆಯ ಪ್ರಾತ್ಯಕ್ಷಿಕೆಯ ತಾಕು ಅವರ ಹೊಲದಲ್ಲಿದೆ. ಮೊದಲ ಕಳೆ ಹೊತ್ತಿಗೆ ಸರಿಯಾಗಿ ತೆಗೆದರು, ಎರಡನೆಯದು ಐದು ದಿನ ತಡವಾಯಿತು.

ಆರು ಪ್ರಶ್ನೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆಸಿದ ಪ್ರತಿಗಳು ನನ್ನ ಚೀಲದಲ್ಲಿವೆ. ಬೇಕಾದವರು ಮಣ್ಣಿನ ಮಾದರಿ ತಂದುಕೊಡುವ ದಿನ ಕೇಳಿ ತೆಗೆದುಕೊಳ್ಳಬಹುದು. ಯಾರಿಗೆ, ಏಕೆ ಎಂದು ನಾನು ಕೇಳುವುದಿಲ್ಲ.